ಅಳಿವೆಯಲ್ಲಿ ಕೈಯೇ ಚುಕ್ಕಾಣಿ

ಹೊನ್ನಾವರದ ಶರಾವತಿ ಅಳಿವೆಯ ಹೂಳಿಗೆ ಬೋಟು ಸಿಕ್ಕಿಬೀಳುವುದು ಹೊಸ ಸುದ್ದಿಯೇನಲ್ಲ. ಬೋಟಿಗೆ ಆಟೋಪೈಲಟ್ ಹಾಕಿಸುವ ಮಾಲೀಕರು ಒಂದು ಮಾತು ತಿಳಿದಿರಲಿ. ಆಳಸಮುದ್ರದಲ್ಲಿ ಅದು ಸೈ. ಅಳಿವೆಯಲ್ಲಿ ಮಾತ್ರ ನಂಬಬೇಡಿ. ನಿಂತ ಬಸ್ಸಿನ ಸ್ಟೇರಿಂಗ್ ತಿರುಗಿಸಿದರೆ ಬಸ್ಸು ತಿರುಗೀತೆ? ಚುಕ್ಕಾಣಿಯೂ ಹಾಗೇ. ಅದಕ್ಕೆ ನೀರು ರಭಸದಿಂದ ಬಡಿದರಷ್ಟೇ ಬೋಟು ಮಾತು ಕೇಳೋದು. ವೇಗ ಇಳಿಸಿದೊಡನೆ ಹಿಡಿತ ಸಡಿಲ. ಯಂತ್ರ ದಿಕ್ಕು ನೋಡೀತು, ಹಿಂದಿನಿಂದ ಏರಿಬರುವ ತೆರೆಯನ್ನಲ್ಲ. ಮರಳದಿಬ್ಬವಂತೂ ಅದಕ್ಕೆ ಕಾಣದು. ಬೋಟು ಅಡ್ಡ ತಿರುಗಿತೋ, ಮುಂದಿನ ತೆರೆಗೆ ಮಗುಚೀತು. ಭಟ್ಕಳದವರಿಗೂ ಕುಮಟಾ ತದಡಿಯವರಿಗೂ ಇದೇ ಮಾತು.

ಹಾಗಂತ ಹೊಣೆಯೆಲ್ಲ ತಾಂಡೇಲನದೇ? ಜುಲೈ 31ಕ್ಕೆ ಮಳೆಗಾಲದ ನಿಷೇಧ ಮುಗಿದು ಬೋಟು ಕಡಲಿಗಿಳಿಯುವ ಮುನ್ನ ಹೂಳೆತ್ತಿಸಬೇಕಾದವರು ಯಾವ ಆಟೋಪೈಲಟ್ ನಂಬಿ ಕೂತಿದ್ದಾರೆ?