ಗುಜರಿಯಲ್ಲೂ ಗಮ್ಮತ್ತಿದೆ, ಗಳಿಕೆಯೂ ಇದೆ!

‘ಮನೇಲಿರೋ ಸಾಮಾನೇ ಹಿಡಿಸ್ತಿಲ್ಲ, ಇನ್ನು ಈ ಗುಜರಿ ಬೇರೆ ಯಾಕೆ?’

ಹಳೇ ಹಿತ್ತಾಳೆ ಚೊಂಬನ್ನೋ ಪಿಂಗಾಣಿ ಜಾಡಿಯನ್ನೋ ಕೊಂಡು ತಂದ ಗೃಹಿಣಿಗೆ ಈ ಮಾತು ತಪ್ಪಿದ್ದಲ್ಲ. ಗಂಡಸರು ನಾಣ್ಯ, ಅಂಚೆಚೀಟಿ ಕೂಡಿಟ್ಟರೆ ಅದು ಹವ್ಯಾಸ. ನಾವು ಜಾಡಿ ತಂದರೆ ಹುಚ್ಚು! ಈ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ಹಳೇ ಸಾಮಾನಿನ ರಾಶಿಯಲ್ಲಿ ಒಳ್ಳೆಯದನ್ನು ಹುಡುಕಿ, ಇಷ್ಟವಾದದ್ದನ್ನು ಇಟ್ಟುಕೊಂಡು, ಮಿಕ್ಕದ್ದನ್ನು ಮಾರಿ ನಾಲ್ಕು ಕಾಸು ಮಾಡಿಕೊಳ್ಳೋದಕ್ಕೆ ಗೃಹಿಣಿಗಿಂತ ತಕ್ಕವರು ಯಾರಿದ್ದಾರೆ ಹೇಳಿ?

ಬೆಂಗಳೂರಿನವರು ಒಂದು ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಹೋಗಿ ನೋಡಿ. ಸಂಡೇ ಬಜಾರ್, ಚೋರ್ ಬಜಾರ್ ಅಂತೆಲ್ಲ ಕರೆಯೋ ಈ ಸಂತೆಯಲ್ಲಿ ಹಳೇ ರೇಡಿಯೊ, ಕ್ಯಾಮೆರಾ, ಗ್ರಾಮಫೋನ್ ತಟ್ಟೆ, ವಾಚು ಎಲ್ಲವೂ ಒಟ್ಟೊಟ್ಟಿಗೇ ಬಿದ್ದಿರುತ್ತವೆ. ತರಕಾರಿ ಗುಡ್ಡೆಯಲ್ಲಿ ತುದಿ ಮುರಿದು ಎಳೇ ಬೆಂಡೆಕಾಯಿ ಆರಿಸೋ ಕಣ್ಣು, ಕೈ ಎರಡೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಏನೂ ಕೊಳ್ಳದೆ ಎರಡು ಗಂಟೆ ಸುತ್ತಿ ಬಂದರೂ ಮನಸ್ಸು ಹಗುರ!

ಪಾತ್ರೆಗಳನ್ನೇ ತಗೊಳ್ಳಿ. ಗುಜರಿಯವನು ಅವನ್ನು ತೂಕಕ್ಕೆ ಕೊಳ್ತಾನೆ. ಆದರೆ ಹಿಂದೆ ಮದುವೆಗೆ ಕೊಡೋ ಪಾತ್ರೆ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು, ಕೆಲವೊಮ್ಮೆ ತಾರೀಖನ್ನೂ ಹಾಕಿಸ್ತಿದ್ದರಲ್ಲ? ಆ ಅಕ್ಷರ ಓದಿ, ಇದು ಯಾವ ಕಾಲದ್ದು, ಯಾವುದಕ್ಕೆ ಬಳಸ್ತಿದ್ದರು ಅಂತ ಹೇಳಬಲ್ಲವರು ನಾವು. ತೂಕಕ್ಕೆ ಸಿಗದ ಬೆಲೆ ಆ ತಿಳಿವಳಿಕೆಗೆ ಸಿಗುತ್ತದೆ. ಅಜ್ಜಿ, ಅತ್ತೆಯರ ಜೊತೆ ಅಡುಗೆಮನೆಯಲ್ಲಿ ಕಳೆದ ವರ್ಷಗಳು ದಂಡವಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಂತ ಕಂಡದ್ದೆಲ್ಲ ಕೊಳ್ಳೋದಲ್ಲ. ಪರ್ಸಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರಲಿ. ಹಿತ್ತಾಳೆ, ತಾಮ್ರಕ್ಕೆ ಅದು ಅಂಟದು. ಅಂಟಿತು ಅಂದರೆ ಒಳಗೆ ಕಬ್ಬಿಣ! ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಸಾರು ಮಾಡಬೇಡಿ, ಕೊಳ್ಳುವವರಿಗೂ ಅದನ್ನು ಹೇಳಿ. ಹಳೆಯ 78 ಆರ್‌ಪಿಎಂ ತಟ್ಟೆಗಳು ಅರಗಿನವು, ಕೈ ಜಾರಿದರೆ ಚೂರು. ಇನ್ನು ಹಳೇ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ! ಥಳಥಳ ಹೊಳೆದಷ್ಟೂ ಸಂಗ್ರಾಹಕರ ಲೆಕ್ಕದಲ್ಲಿ ಅದರ ಬೆಲೆ ಕಮ್ಮಿ.

ನಮ್ಮ ಬೆಂಗಳೂರಲ್ಲೇ ತಯಾರಾಗುತ್ತಿದ್ದ ಎಚ್‌ಎಂಟಿ ವಾಚುಗಳನ್ನು ನೋಡಿ. ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೀ ಕೊಡೋ ‘ಜನತಾ’ ವಾಚನ್ನು ಹುಡುಕೋರು ಇವತ್ತಿಗೂ ಇದ್ದಾರೆ. ಆದರೆ ಡಯಲ್‌ಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ವಾಚಿನ ಬಿಡಿಭಾಗ ಸೇರಿಸಿ ‘ಅಪರೂಪದ್ದು’ ಅಂತ ಮಾರೋರೂ ಇದ್ದಾರೆ. ಅಕ್ಷರ ಅಂಕುಡೊಂಕಾಗಿದ್ದರೆ, ಹಳೇ ವಾಚಿನಲ್ಲಿ ಡಯಲ್ ಮಾತ್ರ ಮಿರಮಿರ ಮಿಂಚುತ್ತಿದ್ದರೆ ಅನುಮಾನ ಪಡಿ. ರಾಮ, ಸೀತೆ, ಹನುಮಂತನ ಚಿತ್ರವಿರೋ ‘1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ಕ್ಕೆ ಲಕ್ಷಗಟ್ಟಲೆ ಬೆಲೆ ಅನ್ನೋದೂ ಬರೀ ಬುರುಡೆ. ಕಂಪನಿ ಅಂಥ ನಾಣ್ಯ ಟಂಕಿಸಲೇ ಇಲ್ಲ. ಹಳೇ ನೋಟು-ನಾಣ್ಯದ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳೋರನ್ನು ನಂಬಬೇಡಿ ಅಂತ 2021ರಲ್ಲಿ ಆ ಬ್ಯಾಂಕೇ ಎಚ್ಚರಿಸಿತ್ತು.

ಕಾನೂನನ್ನೂ ತಿಳಿದಿರಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ನಾಣ್ಯಗಳಂಥವನ್ನು ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ. ಹಳೇ ವಿಗ್ರಹ ಎಷ್ಟೇ ಅಗ್ಗಕ್ಕೆ ಬಂದರೂ ಕೈ ಮುಗಿದು ಮುಂದೆ ಹೋಗಿ. ಯಾವ ಗುಡಿಯಿಂದ ಬಂದದ್ದೋ ಯಾರಿಗೆ ಗೊತ್ತು? ಮೊಬೈಲ್ ಫೋನಿನ ತಂಟೆಯೂ ಬೇಡ, ಕದ್ದ ಮಾಲಾಗಿದ್ದರೆ ಫಜೀತಿ ನಿಮಗೇ.

ಮಾರೋದಕ್ಕೆ ಇನ್‌ಸ್ಟಾಗ್ರಾಂ, ಓಎಲ್‌ಎಕ್ಸ್, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪ್ ಎಲ್ಲಾ ಇವೆ. ಸೀಳು, ಬೆಸುಗೆ ಇದ್ದರೆ ಅದರ ಫೋಟೋವನ್ನೂ ಹಾಕಿ. ಒಮ್ಮೆ ನಂಬಿದ ಗಿರಾಕಿ ಮತ್ತೆ ಬರುತ್ತಾರೆ. ‘ದುಡ್ಡು ಕಳಿಸ್ತೀವಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಅಂದರೆ ಮೋಸ ಅಂತಲೇ ತಿಳಿಯಿರಿ. ಹಣ ಪಡೆಯೋಕೆ ಪಿನ್ ಒತ್ತಬೇಕಿಲ್ಲ. 300 ರೂಪಾಯಿಯ ಪಾತ್ರೆಯನ್ನು 600ಕ್ಕೆ ಮಾರಿದರೆ 300 ಲಾಭ ಅಂತ ಹಿಗ್ಗಬೇಡಿ. ಆಟೊ ಚಾರ್ಜು, ಕಲಾಯಿ, ಕೊರಿಯರ್ ಕಳೆದ ಮೇಲೆ ಉಳಿದದ್ದೇ ಲಾಭ. ಹಾಗೆಯೇ, ಬಿಸಿಲಲ್ಲಿ ಕೂತ ವ್ಯಾಪಾರಿಯ ಹತ್ತಿರ ಹತ್ತು ರೂಪಾಯಿಗೂ ಜಗ್ಗಾಡಬೇಡಿ. ಅವರದೂ ಹೊಟ್ಟೆಪಾಡೇ ತಾನೆ?

ಕೊನೆಯದಾಗಿ, ಇದಕ್ಕೆ ಸಂಸಾರದ ದುಡ್ಡು ಮುಟ್ಟಬೇಡಿ. ತಿಂಗಳಿಗೆ ಐನೂರೋ ಸಾವಿರವೋ ಬೇರೆ ಎತ್ತಿಡಿ, ಮಾರಿ ಬಂದದ್ದನ್ನು ಅದಕ್ಕೇ ಸೇರಿಸಿ. ಹೊಸದೊಂದು ಮನೆಗೆ ಬಂದರೆ ಹಳೆಯದೊಂದು ಹೊರಗೆ ಹೋಗಲಿ. ಆಗ ಅಟ್ಟವೂ ತುಂಬೋಲ್ಲ, ಮಾತೂ ಬರೋಲ್ಲ. ನಿಮ್ಮ ಕಣ್ಣು, ನಿಮ್ಮ ಬುದ್ಧಿಯಿಂದ ಬಂದ ದುಡ್ಡು ಸಣ್ಣದಿರಬಹುದು. ಆದರೆ ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಅನ್ನೋ ಸುಖ ಸಣ್ಣದಲ್ಲ!