ಗುಂಪೆಯ ನೆತ್ತಿ ಬೋಳಾಗಿಯೇ ಇರಲಿ, ಚಾರಣಿಗರ ಮನೆ ಬುಡದಲ್ಲಿರಲಿ

ಮಂಜೇಶ್ವರ ತಾಲೂಕಿನ ಪೊಸಡಿಗುಂಪೆಯನ್ನು ಪ್ರವಾಸಿ ಕೇಂದ್ರವಾಗಿ ಬೆಳೆಸಬೇಕೆಂಬ ಬೇಡಿಕೆ ಇಂದು ನಿನ್ನೆಯದಲ್ಲ. ಸಮುದ್ರ ಮಟ್ಟದಿಂದ ಸಾವಿರ ಅಡಿಗೂ ಮೇಲಿರುವ ಈ ಬೋಳುಗುಡ್ಡ ಹತ್ತಿ ನಿಂತರೆ, ಆಕಾಶ ತಿಳಿಯಾಗಿದ್ದ ದಿನ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಘಟ್ಟದ ಸಾಲು ಕಾಣುತ್ತದೆ. ಧರ್ಮತ್ತಡ್ಕ, ಬಾಯಾರು ಕಡೆಯವರಿಗೆ ಇದೇನೂ ಹೊಸತಲ್ಲ. ಈಗ ಹೊರಗಿನವರಿಗೂ ಗೊತ್ತಾಗಿದೆ. ಚಾರಣಿಗರು ಬರುತ್ತಾರೆ, ಬರಲಿ. ಊರಿಗೆ ನಾಲ್ಕು ಕಾಸು ಬಂದರೆ ಯಾರಿಗೆ ಬೇಡ?

ಚಾರಣಿಗರು ಬರುವಲ್ಲೆಲ್ಲ ಅವರಿಗೆ ತಂಗಲು ವ್ಯವಸ್ಥೆ ಬೇಕೆಂಬ ಮಾತು ಏಳುತ್ತದೆ. ಕಾಂಕ್ರೀಟು ಬೇಡ, ಮರದ ಕಾಟೇಜು ಕಟ್ಟಿದರೆ ಪ್ರಕೃತಿಗೆ ಒಳ್ಳೆಯದು ಎಂಬ ಸಲಹೆಯೂ ಜೊತೆಗೇ ಬರುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7-8ರಷ್ಟು ಸಿಮೆಂಟು ತಯಾರಿಯದ್ದು. ಒಣಗಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಇಂಗಾಲವೇ. ಮರ ಉಳಿದಷ್ಟು ಕಾಲ ಅದೂ ಒಳಗೇ ಉಳಿಯುತ್ತದೆ. ಪ್ರಶ್ನೆ ಇರುವುದು ಎಷ್ಟು ಕಾಲ ಉಳಿದೀತು ಎಂಬಲ್ಲಿ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ನಾಡಿದು. ಐದು ವರ್ಷದಲ್ಲಿ ಗೆದ್ದಲು ತಿಂದು ಮುಗಿಸುವ ಮರದ ಮನೆಗಿಂತ ಐವತ್ತು ವರ್ಷ ನಿಲ್ಲುವ ಮುರಕಲ್ಲಿನ ಮನೆಯೇ ಮೇಲು.

ಹಳೆ ಮನೆಗಳ ಪಾಠ

ಮರ ಬಾಳಿಕೆ ಬರಬೇಕಾದರೆ ಏನು ಮಾಡಬೇಕೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಊರಿನ ಹಳೆಯ ಮನೆಗಳನ್ನೊಮ್ಮೆ ನೋಡಿದರೆ ಸಾಕು. ಅಲ್ಲಿ ಮರ ಮಣ್ಣಿಗೆ ತಾಗುವುದಿಲ್ಲ, ಕಂಬದ ಬುಡಕ್ಕೆ ಕಲ್ಲಿರುತ್ತದೆ. ಮಾಡು ಇಳಿಜಾರಾಗಿದ್ದು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿರುತ್ತದೆ. ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತದೆ. ಮರದಲ್ಲಿ ತೇವಾಂಶ ಶೇ. 20ಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ ಎನ್ನುತ್ತದೆ ಇಂದಿನ ವಿಜ್ಞಾನ. ನಮ್ಮ ಆಚಾರಿಗಳು ಅಳೆಯುವ ಯಂತ್ರವಿಲ್ಲದೆಯೇ ಇದನ್ನು ಮಾಡಿ ತೋರಿಸಿದ್ದರು.

ಮರ ಘಟ್ಟದ ಕಾಡಿನಿಂದ ಬರಬೇಕೆಂದಿಲ್ಲ, ಹಡಗಿನಲ್ಲಿಯೂ ಬರಬೇಕಾಗಿಲ್ಲ. ಕಂಬ, ತೊಲೆಗೆ ಹಿತ್ತಿಲಲ್ಲಿ ಬೆಳೆದ ಹಲಸು, ಹೆಬ್ಬಲಸು, ಸಾಗುವಾನಿಯ ತಿರುಳು ಸಾಕು. ಹಲಗೆಗೆ ನೆಟ್ಟು ಬೆಳೆಸಿದ ಅಕೇಶಿಯಾ ಆದೀತು. ಮುಪ್ಪಾದ ಅಡಿಕೆ ಮರ ಸೀಳಿದರೆ ಒಳಗಿನ ಕೆಲಸಕ್ಕೆ ಬಂತು. ಆದರೆ ಕಡಿದ ತಿಂಗಳಲ್ಲೇ ಕಟ್ಟಬಾರದು, ನೆರಳಲ್ಲಿ ಚೆನ್ನಾಗಿ ಒಣಗಿಸಬೇಕು. ಗುತ್ತಿಗೆದಾರರಿಗೆ ಅಷ್ಟು ತಾಳ್ಮೆ ಇರುವುದು ಕಷ್ಟ. ಹಾಗಾಗಿ ಅದು ಟೆಂಡರಿನ ಷರತ್ತಿನಲ್ಲಿಯೇ ಬರಬೇಕು.

ಮೇಲೆ ಹಾಕಿದ್ದು ಕೆಳಗೆ ಬರುತ್ತದೆ

ಮರವನ್ನು ಗೆದ್ದಲಿನಿಂದ ಉಳಿಸಲು ಇನ್ನೊಂದು ಸುಲಭದ ದಾರಿ ಇದೆಯಲ್ಲ, ಔಷಧ ಹೊಡೆಯುವುದು? ರಬ್ಬರು ಮರದಂಥ ಮೆದು ಮರಕ್ಕೆ ಅದು ಬೇಕೇ ಬೇಕು. ಅದಕ್ಕೆ ಸಾಮಾನ್ಯವಾಗಿ ಬಳಸುವ ಬೋರಾನ್ ಉಪ್ಪು ಮಳೆಗೆ ತೊಳೆದುಹೋಗುತ್ತದೆ. ತೊಳೆದುಹೋಗದೆ ನಿಲ್ಲಬೇಕೆಂದು ಬಳಸುವ ತಾಮ್ರ-ಕ್ರೋಮಿಯಂ ಮಿಶ್ರಣದಲ್ಲಿ ಆರ್ಸೆನಿಕ್ ಎಂಬ ವಿಷವೂ ಸೇರಿರುವುದುಂಟು, ಅದು ಅಲ್ಪಸ್ವಲ್ಪವಾಗಿ ಮಣ್ಣಿಗಿಳಿಯುತ್ತದೆ. ಬೇರೆಡೆ ಇದು ಸಣ್ಣ ಸಂಗತಿ ಇರಬಹುದು. ನಮ್ಮಲ್ಲಿ ಹಾಗಲ್ಲ. ಬಾಯಾರು ಪರಿಸರದ ಎಷ್ಟೋ ಮನೆಗಳು ಇಂದಿಗೂ ಸುರಂಗದ ನೀರು ಕುಡಿಯುತ್ತವೆ. ಪಂಪಿಲ್ಲ, ಕರೆಂಟಿಲ್ಲ, ಗುಡ್ಡ ಹೀರಿಕೊಂಡ ಮಳೆ ಮುರಕಲ್ಲಿನೊಳಗಿಂದ ಜಿನುಗಿ ಅಂಗಳಕ್ಕೆ ಬರುತ್ತದೆ. ಗುಡ್ಡದ ಮೇಲೆ ಬಿದ್ದದ್ದು ಎಲ್ಲಿಗೆ ಬರುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ನೋವು ಮಾತ್ರ ಮನೆಗಳಲ್ಲಿ ಉಳಿಯಿತು.

ಶೌಚಾಲಯದ ವಿಷಯವೂ ಇದೇ. ಮುರಕಲ್ಲು ತೂತು ತೂತಾದ ಕಲ್ಲು. ನೆತ್ತಿಯಲ್ಲಿ ಹತ್ತು ಕಾಟೇಜು ಕಟ್ಟಿ ಹತ್ತು ಹೊಂಡ ತೋಡಿದರೆ, ಮೇಲಿನವರು ಸೂರ್ಯಾಸ್ತ ನೋಡುವಾಗ ಕೆಳಗಿನವರ ಸುರಂಗಕ್ಕೆ ಏನು ಬಂದೀತು?

ನೆತ್ತಿಯಲ್ಲೇ ಮಲಗಿದರಲ್ಲವೇ ಮಜಾ, ಅದಕ್ಕೇ ತಾನೇ ಹಣ ಕೊಡುವುದು ಎಂದು ಕೇಳುವವರಿದ್ದಾರೆ. ಇರಬಹುದು. ಆದರೆ ಬೇಸಿಗೆಯ ಕೊನೆಗೂ ತುಲಾ ತಿಂಗಳಲ್ಲೂ ಸಿಡಿಲು ಹುಡುಕಿಕೊಂಡು ಬರುವುದು ಇಂಥ ಬೋಳು ನೆತ್ತಿಯನ್ನೇ. ಮಾರ್ಚಿನಲ್ಲಿ ಒಣಹುಲ್ಲಿಗೆ ಒಂದು ಬೀಡಿ ತುಂಡು ಬಿದ್ದರೆ ಮರದ ಮನೆ ಉಳಿದೀತೇ? ಗುಡ್ಡದ ಸೆರೆಗಿನಲ್ಲಿ ಜೇಸಿಬಿ ಇಳಿಸಿ ಮಟ್ಟ ಮಾಡುವುದೂ ಆಟದ ಮಾತಲ್ಲ. ವಯನಾಡಿನಲ್ಲಿ 2024ರ ಜುಲೈ 30ರ ರಾತ್ರಿ ಗುಡ್ಡ ಇಳಿದು ಬಂದದ್ದನ್ನು ಕಂಡ ಮೇಲಾದರೂ ಇಳಿಜಾರಿಗೆ ಕೈ ಹಾಕುವಾಗ ಹೆದರಿಕೆ ಇರಬೇಕು.

ಅಷ್ಟಕ್ಕೂ ಗುಂಪೆ ಹತ್ತಿ ಇಳಿಯಲು ಅರ್ಧ ದಿನವೂ ಬೇಡ. ಬುಡದಲ್ಲಿ, ರಸ್ತೆ ಮುಟ್ಟುವ ಸಮತಟ್ಟು ಜಾಗದಲ್ಲಿ, ಕಲ್ಲಿನ ಕಾಲಿನ ಮೇಲೆ ನಿಂತ ಮೂರೋ ನಾಲ್ಕೋ ಮರದ ಮನೆ ಸಾಕು. ಹಂಚಿನ ಮಾಡಿನ ಮಳೆನೀರು ಹಿಡಿಯುವ ತೊಟ್ಟಿ, ಎಲ್ಲರಿಗೂ ಒಂದೇ ಕಡೆ ಶೌಚಾಲಯ, ತಳ ಸೋರದ ಟ್ಯಾಂಕು. ಹಲಗೆಗಳನ್ನು ಮೊಳೆಯ ಬದಲು ಸ್ಕ್ರೂ, ಬೋಲ್ಟಿನಲ್ಲಿ ಕೂಡಿಸಿದರೆ ಹಾಳಾದ ಒಂದನ್ನು ಮಾತ್ರ ಬದಲಿಸಬಹುದು, ಬೇಡವೆಂದಾಗ ಪೂರ್ತಿ ಬಿಚ್ಚಿಯೂ ಒಯ್ಯಬಹುದು. ಮೇಲೆ ಒಂದು ಇಟ್ಟಿಗೆಯೂ ಬೇಡ.

ಚಾರಣಿಗರು ಐಷಾರಾಮ ಕೇಳುತ್ತಾರೆಂಬುದೂ ತಪ್ಪು ತಿಳಿವಳಿಕೆ. ನಾರ್ವೆ ದೇಶದಲ್ಲಿ 1868ರಲ್ಲಿ ಹುಟ್ಟಿದ ಚಾರಣಿಗರ ಸಂಘವೊಂದು ಇಂದು 500ಕ್ಕೂ ಹೆಚ್ಚು ಮನೆಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಬಹಳಷ್ಟರಲ್ಲಿ ನೋಡಿಕೊಳ್ಳುವವರೇ ಇಲ್ಲ. ಬಂದವರೇ ಸೌದೆ ಒಡೆದು, ಪಾತ್ರೆ ತೊಳೆದು, ಗುಡಿಸಿ, ಹಣ ಕಟ್ಟಿ ಹೋಗುತ್ತಾರೆ. ನಮ್ಮಲ್ಲಿ ಅಷ್ಟು ಬೇಡ. ಕುಟುಂಬಶ್ರೀ ಅಕ್ಕಂದಿರಿಗೆ ವಹಿಸಿದರೆ ಗಂಜಿ ಚಟ್ನಿಯೂ ಸಿಕ್ಕೀತು, ಹಣ ಊರಲ್ಲೂ ಉಳಿದೀತು.

ಪಂಚಾಯತು, ಪ್ರವಾಸೋದ್ಯಮ ಇಲಾಖೆಯವರಲ್ಲಿ ಕೇಳಬೇಕಾದ್ದು ಇಷ್ಟೆ. ನಕಾಶೆ ಬರೆಯುವ ಮೊದಲು ಗುಡ್ಡದ ಸುತ್ತಲಿನ ಸುರಂಗಗಳನ್ನು ಲೆಕ್ಕ ಹಾಕಿ, ಆ ಮನೆಯವರನ್ನು ಕೂರಿಸಿ ಮಾತಾಡಿ. ಚಾರಣಿಗರು ಒಂದು ರಾತ್ರಿ ಇದ್ದು ಹೋಗುವವರು. ಆ ನೀರು ಕುಡಿದು ಬದುಕಬೇಕಾದವರು ಇಲ್ಲೇ ಇರುವವರು.