ಕೋಲಿಲ್ಲದ ಕೋಲಾಟ

ಮೊನ್ನೆ ಶನಿವಾರ ಶಿಕಾಗೋ ಹತ್ತಿರದ ಒಂದು ಚರ್ಚ್ ಹಾಲ್‌ನಲ್ಲಿ ಇಂಗ್ಲಿಷ್ ಕಂಟ್ರಿ ಡ್ಯಾನ್ಸ್ ಮಾಡಿ ಬಂದೆ. ಹೌದು, ನಾನೇ! ಗಣಪತಿ ಮೆರವಣಿಗೆಯಲ್ಲೂ ಹಿಂದೆ ಹಿಂದೆ ನಿಲ್ಲೋ ಆಸಾಮಿ. "ನಡೆಯೋಕೆ ಬಂದ್ರೆ ಸಾಕು, ಬಾ" ಅಂತ ಆಫೀಸಿನ ಗೆಳೆಯ ಎಳೆದುಕೊಂಡು ಹೋಗಿದ್ದ.

ಎದುರುಬದುರು ಎರಡು ಸಾಲು. ಕೈ ಹಿಡಿ, ಸುತ್ತು ಹಾಕು, ಜಾಗ ಬದಲಿಸು, ಮುಂದಿನ ಜೋಡಿಗೆ ಹೋಗು. ಥೇಟ್ ನಮ್ಮ ಕೋಲಾಟ, ಕೋಲು ಮಾತ್ರ ಇಲ್ಲ. ಮೂಲೆಯಲ್ಲಿ ಪಿಟೀಲು, ಕೊಳಲು, ಪಿಯಾನೋ. ಮುಂದೆ ಏನು ಮಾಡಬೇಕು ಅಂತ ಕೂಗಿ ಹೇಳೋಕೆ ಒಬ್ಬರು.

ಇದಕ್ಕೆಲ್ಲ ಮೂಲ, 1651ರಲ್ಲಿ ಲಂಡನ್ನಿನ ಜಾನ್ ಪ್ಲೇಫೋರ್ಡ್ ಅಚ್ಚು ಹಾಕಿಸಿದ 'ದಿ ಇಂಗ್ಲಿಷ್ ಡ್ಯಾನ್ಸಿಂಗ್ ಮಾಸ್ಟರ್'. ಅದರಲ್ಲಿ 105 ನೃತ್ಯಗಳಿವೆ. ಪ್ರತಿಯೊಂದಕ್ಕೂ ಒಂದು ಮಟ್ಟು, ಕೆಳಗೆ ಯಾರು ಎಲ್ಲಿಗೆ ಹೋಗಬೇಕು ಅನ್ನೋ ಎರಡು ಮಾತು. ಹೆಜ್ಜೆ ಹೇಗೆ, ವೇಗ ಎಷ್ಟು? ಬರೆದಿಲ್ಲ. ಆಗಿನವರಿಗೆ ಗೊತ್ತಿತ್ತಲ್ಲ! ಅಮ್ಮ ಬರೆದುಕೊಟ್ಟ ಸಾರಿನ ಪುಡಿ ಚೀಟಿ ಥರ: "ಹದವಾಗಿ ಹುರಿಯುವುದು". ಹದ ಅಂದ್ರೆ ಎಷ್ಟಮ್ಮಾ? ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸೆಸಿಲ್ ಶಾರ್ಪ್ ಅನ್ನೋರು ಆ ಪುಸ್ತಕ ಹಿಡಿದು ಕೂತು ಒಂದೊಂದನ್ನೇ ಬಿಡಿಸಿದರು. ಹಾಗಾಗಿ ಈಗ ಕುಣಿಯೋದರಲ್ಲಿ ಸ್ವಲ್ಪ ಪ್ಲೇಫೋರ್ಡ್, ಸ್ವಲ್ಪ ಊಹೆ.

1995ರ ಬಿಬಿಸಿ 'ಪ್ರೈಡ್ ಅಂಡ್ ಪ್ರೆಜುಡೀಸ್'ನಲ್ಲಿ ಡಾರ್ಸಿ, ಎಲಿಜಬೆತ್ ಕುಣಿಯೋದು 'ಮಿಸ್ಟರ್ ಬೆವರಿಜಸ್ ಮ್ಯಾಗಟ್'. ಮ್ಯಾಗಟ್ ಅಂದ್ರೆ ಇಲ್ಲಿ ಹುಳ ಅಲ್ಲ, ಖಯಾಲಿ. ಕಾದಂಬರಿ ಬಂದದ್ದು 1813ರಲ್ಲಿ, ನೃತ್ಯ 1695ರದ್ದು. ಚರಿತ್ರೆ ತಪ್ಪಿರಬಹುದು, ಆದ್ರೆ ನನ್ನ ಗೆಳೆಯ ಈ ಹಾಲ್‌ಗೆ ಬಂದದ್ದೇ ಅದನ್ನು ನೋಡಿ!

ಹಿಂದೊಮ್ಮೆ ಡೆಟ್ರಾಯಿಟ್ ಪಕ್ಕದ ಡಿಯರ್‌ಬೋರ್ನ್‌ನಲ್ಲಿ ಲವೆಟ್ ಹಾಲ್ ನೋಡಿದ್ದು ನೆನಪಾಯ್ತು. ಕಾರಿನ ಹೆನ್ರಿ ಫೋರ್ಡ್ 1937ರಲ್ಲಿ ಕಟ್ಟಿಸಿದ ನೃತ್ಯಶಾಲೆ. ಇದೇ ಬಳಗದ ಕ್ವಾಡ್ರಿಲ್, ಕಾಂಟ್ರಾ ಮುಂತಾದ ಹಳೇ ಕುಣಿತಗಳನ್ನು ಉಳಿಸೋಕೆ ಬೆಂಜಮಿನ್ ಲವೆಟ್ ಅನ್ನೋ ಮೇಷ್ಟ್ರನ್ನು ಕರೆಸಿ, ವಾದ್ಯಗೋಷ್ಠಿ ಇಟ್ಟು, 1926ರಲ್ಲಿ ಪುಸ್ತಕವನ್ನೂ ತಂದಿದ್ದ. ಒಳ್ಳೇ ಕೆಲಸವೇ. ಆದ್ರೆ ಅದರ ಹಿಂದೆ ಜಾಝ್ ಮೇಲಿನ ಸಿಟ್ಟು ಇತ್ತು, ಜಾಝ್ ಯಹೂದಿಗಳ ಪಿತೂರಿ ಅಂತ ಅವನ ಪತ್ರಿಕೆ ಬರೆದಿತ್ತು. ಹಳೆಯದನ್ನು ಪ್ರೀತಿಯಿಂದಲೂ ಉಳಿಸಬಹುದು, ದ್ವೇಷದಿಂದಲೂ. ನಮಗೂ ಗೊತ್ತಿರಬೇಕಾದ ಮಾತು.

ಶನಿವಾರದ ಹಾಲ್‌ನಲ್ಲಿ ನನ್ನ ಜೋಡಿ ಎಪ್ಪತ್ತು ದಾಟಿದ ಅಜ್ಜಿ. ಎಡಕ್ಕೆ ಅಂದ್ರೆ ನಾನು ಬಲಕ್ಕೆ. ಇಡೀ ಸಾಲು ಗೋಜಲು! ಪಿಟೀಲಿನಾಕೆ ನೋಡಿದಳು, ನಕ್ಕಳು, ವೇಗ ಇಳಿಸಿದಳು. ಅಜ್ಜಿ ಭುಜ ಹಿಡಿದು ತಿರುಗಿಸಿದರು. ಮತ್ತೆ ಸಾಲು ಕೂಡಿಕೊಂಡಿತು.

ನಮ್ಮ ರಾಜ್ಯೋತ್ಸವದ ಕೋಲಾಟ ನೆನಪಾಗಿ ಹೊಟ್ಟೆಯಲ್ಲಿ ಚುರುಕ್ ಅಂತು. ಒಂದು ವರ್ಷ ಸಿ.ಡಿ. ಸಿಕ್ಕಿಕೊಂಡು ಮಕ್ಕಳು ಕೋಲೆತ್ತಿ ಹಾಗೇ ನಿಂತಿದ್ದವು. ಸಭೆಯಲ್ಲಿ ಇನ್ನೂರು ಜನ ಕನ್ನಡಿಗರು, ಒಬ್ಬರೂ ಬಾಯಿಬಿಟ್ಟು ಹಾಡನ್ನು ಮುಂದುವರಿಸಲಿಲ್ಲ. ನಾನೂ. ಮಕ್ಕಳು ಕೋಲಾಟ ಮರೀತಾರೆ ಅಂತ ಹೆದರೋ ನಾವು, ಹಾಡೋದನ್ನು ಆಗಲೇ ಮರೆತಿದ್ವಿ.

ಈ ನವೆಂಬರಿಗೆ ನಾನು ಹಾಡ್ತೀನಿ ಅಂತ ಹೆಸರು ಕೊಟ್ಟಿದ್ದೀನಿ. ಶ್ರುತಿ ದೇವರಿಗೇ ಪ್ರೀತಿ. ಆದ್ರೆ ಯಾವುದೋ ಮಗು ತಪ್ಪಿದ್ರೆ, ಅದಕ್ಕಾಗಿ ಒಂದು ಕ್ಷಣ ನಿಲ್ಲೋಕೆ ಒಬ್ಬರಾದ್ರೂ ಇರ್ತಾರಲ್ಲ.